ಪ್ರೊಡಕ್ಷನ್ ಟೆಕ್ನಾಲಜಿ ಓದಿದ್ರೆ ಮಗ ಆಪರೇಟರ್ ಆಗೇ ಉಳೀತಾನಾ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಮುಗಿಸಿದಾನೆ, ಪಿಯುಸಿ ಬೇಡ ಅಂತ ಹಠ. ನಮ್ಮಣ್ಣನ ಮಗ ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಲ್ಲಿ ಇಂಡಸ್ಟ್ರಿಯಲ್ ಪ್ರೊಡಕ್ಷನ್ ಟೆಕ್ನಾಲಜಿ ಓದ್ತಿದಾನೆ, ಇವನಿಗೂ ಅಂಥದ್ದೇ ಬೇಕಂತೆ. ಇಲ್ಲಿ ಸಿಗುತ್ತಾ? ನಮ್ಮನೆಯವರು ಪೀಣ್ಯದಲ್ಲಿ ಟರ್ನರ್, "ನನ್ ಥರಾನೇ ಇವ್ನೂ ಮಿಷಿನ್ ಮುಂದೆ ನಿಂತ್ಕೋಬೇಕಾ" ಅಂತಾರೆ. ಆಮೇಲೆ ಬಿಇ ಮಾಡೋಕಾಗುತ್ತಾ?
– ಒಬ್ಬ ತಾಯಿ, ಲಗ್ಗೆರೆ

ಉತ್ತರ: ಸಿಗುತ್ತೆ ಅಕ್ಕ, ಬೋರ್ಡ್ ಮೇಲಿನ ಹೆಸ್ರು ಬೇರೆ ಅಷ್ಟೆ. ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸ್ ಆದ್ಮೇಲೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಎರಡು ವರ್ಷಕ್ಕೆ ಅಸೋಸಿಯೇಟ್ ಡಿಗ್ರಿ ತಗೋತಾರೆ, ಡ್ರಾಯಿಂಗ್ ಓದೋದು, ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿಂದ ನಡೆಯೋ ಮಿಷಿನ್), ಕ್ವಾಲಿಟಿ, ಪಿಎಲ್‌ಸಿ (ಫ್ಯಾಕ್ಟರಿ ಮಿಷಿನ್ ಕಂಟ್ರೋಲ್ ಮಾಡೋ ಪುಟ್ಟ ಕಂಪ್ಯೂಟರ್) ಇವೆಲ್ಲಾ ಕಲಿಸ್ತಾರೆ. ಇಲ್ಲಿ ಅದಕ್ಕೆ ಹತ್ರ ಇರೋದು ಟೂಲ್ ಅಂಡ್ ಡೈ ಮೇಕಿಂಗ್ (ಫ್ಯಾಕ್ಟರಿಗೆ ಬೇಕಾದ ಅಚ್ಚು, ಟೂಲ್ ಮಾಡೋದು) ಡಿಪ್ಲೊಮಾ, ಅದೂ ಎಸ್ಸೆಸ್ಸೆಲ್ಸಿ ಆದ್ಮೇಲೇನೇ ಸೇರ್ಬಹುದು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಸರ್ಕಾರದ ಟೂಲ್ ರೂಮ್ ಮತ್ತು ಟ್ರೈನಿಂಗ್ ಸೆಂಟರ್, ಅಂದ್ರೆ ಜಿಟಿಟಿಸಿ ಇದೆ, 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾಗಿದ್ದು, ಅಲ್ಲಿ 3 ವರ್ಷ ಓದು, ಮೇಲೆ 1 ವರ್ಷ ಫ್ಯಾಕ್ಟರೀಲಿ ಟ್ರೈನಿಂಗ್. ನಿಮ್ಮ ಪೀಣ್ಯದಲ್ಲೇ ಇಂಥದ್ದೇ ಟ್ರೈನಿಂಗ್ ಕೊಡೋ ಎನ್‌ಟಿಟಿಎಫ್ ಸಂಸ್ಥೆ ಕೂಡ ಇದೆ.

ಇನ್ನು ನಿಮ್ಮನೆಯವರ ಮಾತು. ಅವರ ಭಯ ಸುಳ್ಳಲ್ಲ, ಆದ್ರೆ ಮಿಷಿನ್ ಮುಂದೆ ನಿಂತೋರೆಲ್ಲಾ ಒಂದೇ ಕೆಲಸ ಮಾಡಲ್ಲ ಅನ್ನೋದು ಅವರಿಗೇ ನಮಗಿಂತ ಚೆನ್ನಾಗಿ ಗೊತ್ತು. ಸಿಎನ್‌ಸಿ ಲೇತಲ್ಲಿ ಶಾಫ್ಟ್ ಹೊಡೀತಾ ಹೊಡೀತಾ ಇನ್ಸರ್ಟ್ (ಲೋಹ ಕತ್ತರಿಸೋ ಟೂಲಿನ ತುದಿ) ಸವೀತದೆ, ಶಾಫ್ಟಿನ ಡಯಾ (ವ್ಯಾಸ) ನಿಧಾನಕ್ಕೆ ದಪ್ಪ ಆಗ್ತಾ ಹೋಗುತ್ತೆ, ಬರೀ ಜಾಬ್ ಲೋಡ್ ಮಾಡಿ ಸೈಕಲ್ ಸ್ಟಾರ್ಟ್ ಒತ್ತೋ ಹುಡುಗ ಅಳತೆ ನೋಡೋ ಗೇಜ್ ಹೋಗ್ಲಿಲ್ಲ ಅಂದಾಗ ಸೂಪರ್‌ವೈಸರನ್ನ ಕೂಗ್ತಾನೆ, ಕಲಿತೋನು ಮೈಕ್ರೋಮೀಟರ್ ಇಟ್ಟು ನೋಡಿ 0.02 ಎಂಎಂ ಜಾಸ್ತಿ ಬಂದಿದ್ರೆ ಅಷ್ಟನ್ನ ಆಫ್‌ಸೆಟ್ಟಲ್ಲಿ (ಮಿಷಿನ್‌ಗೆ ಕೊಡೋ ಅಳತೆ ತಿದ್ದುಪಡಿ) ಕಳೆದು ಮುಂದಿನ ಪೀಸ್ ಸರಿ ಮಾಡ್ತಾನೆ. ಅವನೇ ನಾಳೆ ಮಿಷಿನ್ ಸೆಟ್ ಮಾಡೋ ಸೆಟ್ಟರ್, ಆಮೇಲೆ ಪ್ರೋಗ್ರಾಮರ್, ಫಿಕ್ಸ್‌ಚರ್ (ಜಾಬ್ ಹಿಡಿಯೋ ಸಾಧನ) ಡಿಸೈನ್ ಕಡೆಗೂ ಹೋಗ್ಬಹುದು. ಕೋರ್ಸ್ ಬೇಕಿರೋದು ಇದಕ್ಕೇ, ಬಟನ್ ಒತ್ತೋಕೆ ಮೂರು ವರ್ಷ ಯಾಕೆ ಓದ್ಬೇಕು ಹೇಳಿ!

ಅದಕ್ಕೇ ಸೇರಿಸೋ ಮುಂಚೆ ವರ್ಕ್‌ಶಾಪ್ ತೋರ್ಸಿ ಅಂತ ಕೇಳಿ, ನಿಮ್ಮನೆಯವರನ್ನೇ ಕರ್ಕೊಂಡು ಹೋಗಿ, ಅವರ ಕಣ್ಣಿಗೆ ಮೋಸ ಮಾಡೋಕಾಗಲ್ಲ. ಮಿಷಿನ್ ಕೆಳಗೆ ಚಿಪ್ಸು (ಲೋಹದ ಚೂರು), ಕೂಲೆಂಟು (ತಣ್ಣಗಿಡೋ ದ್ರವ) ಇದ್ರೆ ಹುಡುಗರು ಕೆಲಸ ಮಾಡ್ತಿದಾರೆ ಅಂತರ್ಥ. ಇನ್‌ಸ್ಪೆಕ್ಷನ್‌ಗೆ ಬಂದಂಗೆ ಫಳಫಳ ಹೊಳೀತಿದ್ರೆ ನಂಗೇನೋ ಡೌಟು. ಒಂದು ಮಿಷಿನ್‌ಗೆ ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ, ಪ್ರೋಗ್ರಾಮ್ ಹುಡುಗರೇ ಬರೀತಾರಾ ಅಂತ ಸ್ಟೂಡೆಂಟ್ಸ್‌ನೇ ಕೇಳ್ಬೇಕು, ಆಫೀಸಲ್ಲಿ ಕೂತಿರೋರನ್ನಲ್ಲ.

ಬಿಇಗೆ ದಾರಿ ಇದೆ. ಡಿಪ್ಲೊಮಾ ಮುಗಿದ್ಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸೋ ಡಿಸಿಇಟಿ, ಅಂದ್ರೆ ಡಿಪ್ಲೊಮಾದವರ ಸಿಇಟಿ ಬರೆದ್ರೆ, ರ‍್ಯಾಂಕ್ ನೋಡಿ ನೇರವಾಗಿ ಎರಡನೇ ವರ್ಷಕ್ಕೆ ಸೀಟು. ಕೋರ್ಸಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣಕ್ಕೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಮಾತ್ರ ಫೀಸ್ ಕಟ್ಟೋ ಮುಂಚೇನೇ ನೋಡ್ಕೊಳ್ಳಿ.