ನಿಮ್ಮ ‘ಕಾಣೆಯಾದ ವಕೀಲ’ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಸಾಮಾನ್ಯವಾಗಿ ಇಂಥ ಕಡೆ ‘ಬಳಸಿಕೊಳ್ಳಲಾಗುತ್ತಿಲ್ಲ, ವಿಷಾದವಿದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತೇವೆ. ಆದರೆ ನೀವು ಹಿಡಿದಿರುವ ವಿಷಯ ದೊಡ್ಡದು, ಓದಿಕೊಂಡಿರುವುದೂ ಜಾಸ್ತಿನೇ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಿಮ್ಮ ಹೆಸರು ಬಿಟ್ಟು ಇದನ್ನು ‘ಬರಹಗಾರರಿಗೆ ಸಲಹೆ’ ಅಂಕಣದಲ್ಲೂ ಹಾಕುತ್ತಿದ್ದೇವೆ. ಲೇಖನ ನೋಡಿರದವರಿಗಾಗಿ ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ.

ಜಪಾನಿನ ಯೊಕೊಹಾಮಾದಲ್ಲಿ ಸಕಾಮೊಟೊ ತ್ಸುತ್ಸುಮಿ ಎಂಬ ವಕೀಲರಿದ್ದರು. ವಯಸ್ಸು 33. ಓಂ ಶಿನ್ರಿಕ್ಯೊ ಎಂಬ ಪಂಥಕ್ಕೆ ಸೇರಿ ಮನೆ ಬಿಟ್ಟುಹೋದ ಮಕ್ಕಳ ಅಪ್ಪ ಅಮ್ಮಂದಿರ ಪರವಾಗಿ ಅವರು ಓಡಾಡುತ್ತಿದ್ದರು. 1989ರ ನವೆಂಬರ್ ಮೊದಲ ವಾರ, ಒಂದೇ ರಾತ್ರಿಯಲ್ಲಿ ಅವರು, ಹೆಂಡತಿ ಸತೊಕೊ ಮತ್ತು ಇನ್ನೂ ಎರಡು ವರ್ಷ ತುಂಬದ ಮಗ ಮನೆಯಿಂದ ಕಾಣೆಯಾದರು. ಶವಗಳು ಸಿಕ್ಕಿದ್ದು 1995ರ ಸೆಪ್ಟೆಂಬರ್‌ನಲ್ಲಿ, ಮೂರು ಬೇರೆ ಬೇರೆ ಪ್ರಾಂತ್ಯಗಳ ಬೆಟ್ಟಗುಡ್ಡಗಳಲ್ಲಿ. ಕೊಂದವರು ಆ ಪಂಥದವರೇ.

ಈಗ ನಿಮ್ಮ ಲೇಖನಕ್ಕೆ ಬರೋಣ.

ನೀವು ಶುರು ಮಾಡಿದ್ದು 1995ರ ಮಾರ್ಚ್ 20ರಿಂದ, ಇದೇ ಪಂಥದ ಇನ್ನೊಂದು ಕೃತ್ಯದಿಂದ. ಟೋಕಿಯೊ ಸುರಂಗ ರೈಲು, ಸರಿನ್ ವಿಷಾನಿಲ, ಪ್ಲಾಟ್‌ಫಾರ್ಮಿನಲ್ಲಿ ಕುಸಿದು ಬಿದ್ದ ಜನ. ಯಾಕೆ ಹಾಗೆ ಮಾಡಿದಿರಿ ಅಂತ ಗೊತ್ತು. ಮೊದಲ ಪ್ಯಾರಾದಲ್ಲೇ ಓದುಗನ ಕಾಲರ್ ಹಿಡಿಯಬೇಕು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಆದರೆ ಇದರಿಂದ ಏನಾಯಿತು ನೋಡಿ. ಮೂರನೇ ಪ್ಯಾರಾಗೆ ಬರುವಷ್ಟರಲ್ಲಿ ಕೊಲೆಗಾರ ಯಾರು, ಎಂಥವನು, ಕೊನೆಗೆ ಏನಾದ ಅನ್ನುವುದೆಲ್ಲ ಓದುಗನಿಗೆ ಗೊತ್ತಾಯಿತು. ಆಮೇಲೆ ಸಕಾಮೊಟೊ ಬರುತ್ತಾರೆ. ಪಾಪ, ಅವರು ಬಂದಿದ್ದೇ ಸಾಯುವುದಕ್ಕೆ ಎನ್ನುವ ಹಾಗೆ ಆಗಿಬಿಟ್ಟಿದೆ.

ನಿಮ್ಮದೇ ಒಂದು ಸಾಲು: ‘ಕ್ರೂರ ಪಂಥದ ನರರಾಕ್ಷಸರ ವಿರುದ್ಧ ತೊಡೆ ತಟ್ಟಿ ನಿಂತ ಏಕಾಂಗಿ ವೀರ ಸಕಾಮೊಟೊ.’ 1989ರಲ್ಲಿ ಅವರನ್ನು ನರರಾಕ್ಷಸರು ಅಂತ ಯಾರು ಕರೆಯುತ್ತಿದ್ದರು ಹೇಳಿ? ಅದು ಯೋಗ, ಧ್ಯಾನ ಅಂತ ಹೇಳಿಕೊಂಡು ಬೆಳೆದ ಗುಂಪು. ಆ ವರ್ಷದ ಆಗಸ್ಟ್‌ನಲ್ಲಿ ಟೋಕಿಯೊ ಆಡಳಿತ ಅದಕ್ಕೆ ಧಾರ್ಮಿಕ ಸಂಸ್ಥೆ ಅಂತ ಮಾನ್ಯತೆಯನ್ನೂ ಕೊಟ್ಟಿತ್ತು. ಸಕಾಮೊಟೊ ಏಕಾಂಗಿಯೂ ಆಗಿರಲಿಲ್ಲ. ಜೊತೆಗೆ ಬೇರೆ ವಕೀಲರಿದ್ದರು, ಪೋಷಕರ ಸಂಘ ಇತ್ತು. ಅವರು ಮಾಡುತ್ತಿದ್ದದ್ದು ಒಬ್ಬ ವಕೀಲ ದಿನಾ ಮಾಡುವ ಕೆಲಸ. ಪಂಥದವರು ಗುರು ಅಸಹರಾನ ರಕ್ತವನ್ನು ಶಿಷ್ಯರಿಗೆ ಕುಡಿಸುತ್ತಿದ್ದರು. ಅದಕ್ಕೆ 10 ಲಕ್ಷ ಯೆನ್. ಆ ರಕ್ತದಲ್ಲಿ ವಿಶೇಷ ಇದೆ ಅಂತ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧನೆಯೇ ಹೇಳಿದೆ ಎಂದು ಪ್ರಚಾರ ಬೇರೆ. ಸಕಾಮೊಟೊ ವಿಶ್ವವಿದ್ಯಾಲಯವನ್ನೇ ವಿಚಾರಿಸಿದರು. ಅಂಥ ಸಂಶೋಧನೆ ನಡೆದೇ ಇಲ್ಲ ಅಂತ ಗೊತ್ತಾಯಿತು. ಅಷ್ಟೇ. ತೊಡೆ ತಟ್ಟಲಿಲ್ಲ, ವಿಚಾರಿಸಿದರು. ಈ ಸಂಗತಿಗೆ ನಿಮ್ಮಲ್ಲಿ ಅರ್ಧ ಸಾಲು ಸಿಕ್ಕಿದೆ. ನನ್ನ ಕೇಳಿದರೆ ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ.

ಇದನ್ನೇ ಇನ್ನೊಂದು ಥರ ಹೇಳುತ್ತೇನೆ, ಯಾಕಂದರೆ ನಿಮ್ಮ ಬರಹದ ಮುಖ್ಯ ತೊಂದರೆ ಇದೇ. 1989ರ ಮನುಷ್ಯರ ತಲೆಯಲ್ಲಿ ನೀವು 1995ರ ತಿಳಿವಳಿಕೆ ತುಂಬಿದ್ದೀರಿ. ಪೊಲೀಸರು ‘ಕುರುಡಾಗಿದ್ದರು’, ಪತ್ರಿಕೆಗಳು ‘ನಿದ್ದೆ ಹೋಗಿದ್ದವು’ ಅಂತ ಬೈದಿದ್ದೀರಿ. ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ಆ ದಿನ, ಆ ಗಂಟೆಗೆ ಯಾರ ಕೈಯಲ್ಲಿ ಏನಿತ್ತು ಅಂತ ತೋರಿಸಿ ಬೈಯಿರಿ. ಆಗ ಬೈಗುಳದ ಅಗತ್ಯವೇ ಬರುವುದಿಲ್ಲ.

ಉದಾಹರಣೆಗೆ ಆ ಟೇಪ್. ಅಕ್ಟೋಬರ್ 26ರಂದು ಟಿಬಿಎಸ್ ಟೀವಿಯವರು ಸಕಾಮೊಟೊ ಅವರನ್ನು ಸಂದರ್ಶನ ಮಾಡಿದರು. ಪಂಥದ ಮೂವರು ಚಾನೆಲ್ ಕಚೇರಿಗೆ ಹೋಗಿ ಗಲಾಟೆ ಮಾಡಿದರು. ಅವರಲ್ಲಿ ಒಬ್ಬ ಪಂಥದ ವಕೀಲ. ಚಾನೆಲ್‌ನವರು ಇನ್ನೂ ಪ್ರಸಾರವಾಗದ ಸಂದರ್ಶನವನ್ನು ಆ ಮೂವರಿಗೆ ಹಾಕಿ ತೋರಿಸಿದರು. ಪ್ರಸಾರ ಮಾಡುವುದನ್ನು ಕೈಬಿಟ್ಟರು. ಇಷ್ಟಾದರೂ ‘ನಿಮ್ಮ ಮಾತು ಅವರು ಕೇಳಿಸಿಕೊಂಡಿದ್ದಾರೆ, ಹುಷಾರು’ ಅಂತ ಸಕಾಮೊಟೊಗೆ ಒಂದು ಫೋನ್ ಮಾಡಲಿಲ್ಲ. ಒಂಬತ್ತು ದಿನದಲ್ಲಿ ಕುಟುಂಬ ಕಾಣೆಯಾಯಿತು. ಆಗಲೂ ಪೊಲೀಸರಿಗೆ ಹೇಳಲಿಲ್ಲ. ಟೇಪ್ ತೋರಿಸಿದ್ದು ನಿಜ ಅಂತ ಟಿಬಿಎಸ್ ಒಪ್ಪಿಕೊಂಡಿದ್ದು 1996ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಇಲ್ಲ ಅಂತಲೇ ವಾದಿಸಿತು. ಕೊನೆಗೆ ಸಂಸ್ಥೆಯ ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು.

ನಿಮ್ಮ ಲೇಖನದಲ್ಲಿ ಇದು ಆವರಣದೊಳಗಿನ ಒಂದು ವಾಕ್ಯ! ಪತ್ರಿಕೆಗೆ ಬರೆಯಲು ಹೊರಟವರು ನೀವು. ಈ ಭಾಗ ನಿಮಗೆ ಹೇಗೆ ತಟ್ಟಲಿಲ್ಲವೋ ಗೊತ್ತಾಗಲಿಲ್ಲ. ಟೇಪ್ ಹಾಕಿದವರೇನೂ ಕೆಟ್ಟವರಲ್ಲ. ಬಾಗಿಲಲ್ಲಿ ನಿಂತು ಕೂಗಾಡುವವರನ್ನು ಹೇಗಾದರೂ ಸಾಗಹಾಕಿದರೆ ಸಾಕು ಅಂತ ಪ್ರತಿ ಸುದ್ದಿಮನೆಯಲ್ಲೂ ಯಾರಿಗಾದರೂ ಅನ್ನಿಸಿರುತ್ತದೆ. ಇದಕ್ಕೆ ಒಂದು ಪುಟ ಕೊಡಿ.

ಆ ರಾತ್ರಿಯ ಭಾಗವನ್ನು ಪೂರ್ತಿ ತೆಗೆದು ಹೊಸದಾಗಿ ಬರೆಯಬೇಕು. ‘ಯಾಕೋ ಅಂದು ಸತೊಕೊಗೆ ಬೆಳಗಿನಿಂದಲೇ ಮನಸ್ಸಿಗೆ ಕಸಿವಿಸಿ’ ಅಂತ ಬರೆದಿದ್ದೀರಿ. ಯಾರು ಹೇಳಿದರು ನಿಮಗೆ? ಕೊಲೆಗಾರರ ಬಾಯಲ್ಲಿ ಇಟ್ಟಿರುವ ಸಂಭಾಷಣೆಯಂತೂ ಯಾವುದೋ ಹಳೇ ಸಿನಿಮಾದ್ದು. ‘ಮುಗಿಸಿಬಿಡಿ ಇವನ ಕಥೆ’ ಅಂತ ಯೊಕೊಹಾಮಾದಲ್ಲಿ ಯಾರೂ ಅಂದಿರಲಾರರು. ನಿಜಕ್ಕೂ ನಡೆದದ್ದು ಇದಕ್ಕಿಂತ ಸಪ್ಪೆ, ಇದಕ್ಕಿಂತ ಭಯಂಕರ. ವಕೀಲರು ಕೆಲಸ ಮುಗಿಸಿ ಸ್ಟೇಷನ್ನಿನಿಂದ ನಡೆದು ಬರುವಾಗ ಎತ್ತಿಕೊಂಡು ಹೋಗಬೇಕು ಅಂತ ಆರು ಜನ ಕಾದು ನಿಂತರು. ಅವರು ಬರಲೇ ಇಲ್ಲ. ನವೆಂಬರ್ 3 ಅಲ್ಲಿ ಸರ್ಕಾರಿ ರಜೆ. ಕೊಲೆ ಮಾಡಲು ಬಂದವರಿಗೆ ರಜೆ ಅನ್ನುವುದೇ ನೆನಪಿರಲಿಲ್ಲ. ವಕೀಲರು ಮನೆಯಲ್ಲೇ ಇದ್ದರು. ಮನೆಯ ಬಾಗಿಲಿಗೆ ಬೀಗ ಹಾಕಿರಲಿಲ್ಲ. ನಸುಕಿನಲ್ಲಿ ಒಳಗೆ ನುಗ್ಗಿದರು. ಒಬ್ಬರಿಗೆ ಹಾಕಿದ್ದ ಸಂಚು ಮೂವರ ಸಾವಾಗಿದ್ದು ಹೀಗೆ. ರಜೆ ಮತ್ತು ಬೀಗ, ಈ ಎರಡು ಸಂಗತಿ ಸಾಕು. ಮಿಕ್ಕಿದ್ದನ್ನು, ಅದರಲ್ಲೂ ಮಗುವಿನ ಸಾವಿನ ವಿವರವನ್ನು, ದಯವಿಟ್ಟು ಬರೆಯಬೇಡಿ.

ಸತೊಕೊ ಬಗ್ಗೆಯೂ ಒಂದು ಮಾತು. ಲೇಖನದ ತುಂಬ ‘ಕುಟುಂಬ ಸಮೇತ’ ಅಂತ ಬರೆದಿದ್ದೀರಿ. ಆ ಕಸಿವಿಸಿಯ ಸಾಲು ಬಿಟ್ಟರೆ ಆಕೆಯ ಹೆಸರು ಎಲ್ಲೂ ಇಲ್ಲ. 29 ವರ್ಷದ ಹೆಂಗಸು ‘ಸಮೇತ’ ಆಗುವುದು ಸರಿಯಲ್ಲ, ಅಲ್ವಾ?

ಬ್ಯಾಡ್ಜಿನ ವಿಷಯ ಚೆನ್ನಾಗಿ ಹಿಡಿದಿದ್ದೀರಿ, ಅದನ್ನು ಹಾಗೇ ಉಳಿಸಿ. ಪಂಥದವರು ಹಾಕಿಕೊಳ್ಳುತ್ತಿದ್ದ ‘ಪುರುಷ’ ಎಂಬ ಪುಟ್ಟ ಬ್ಯಾಡ್ಜ್ ಮನೆಯೊಳಗೆ ಬಿದ್ದಿತ್ತು. ಬೀಳಿಸಿಕೊಂಡವನು ಆರು ಜನರಲ್ಲಿದ್ದ ಒಬ್ಬ ಡಾಕ್ಟರ್. ಅದು ಗೊತ್ತಾಗಿದ್ದು ವರ್ಷಗಳ ನಂತರ. ಬ್ಯಾಡ್ಜ್ ಸಿಕ್ಕಾಗ ಪಂಥದವರು, ನಮ್ಮನ್ನು ಸಿಕ್ಕಿಸಲು ಯಾರೋ ತಂದು ಹಾಕಿದ್ದಾರೆ ಅಂದರು. ಸಕಾಮೊಟೊ ಕುಟುಂಬ ತಾನಾಗಿಯೇ ಎಲ್ಲಿಗಾದರೂ ಹೋಗಿರಬಹುದು ಎಂಬ ಅನುಮಾನವನ್ನೂ ಪೊಲೀಸರು ಬಿಟ್ಟುಕೊಟ್ಟಿರಲಿಲ್ಲ. ಇಲ್ಲಿ ನೀವು ಸುಮ್ನೆ ಘಟನೆ ಹೇಳಿ ಮುಂದೆ ಹೋಗಿದ್ದೀರಿ, ಒಂದು ವಿಶೇಷಣವೂ ಹಾಕಿಲ್ಲ. ಇಡೀ ಲೇಖನದಲ್ಲಿ ನನಗೆ ತುಂಬ ಹಿಡಿಸಿದ ಪ್ಯಾರಾ ಇದು.

ಅದಾದ ಮೇಲಿನ ಆರು ವರ್ಷವನ್ನು ‘ಕಾಲಚಕ್ರ ಉರುಳಿತು’ ಅಂತ ಎರಡೇ ಪದದಲ್ಲಿ ಉರುಳಿಸಿಬಿಟ್ಟಿರಲ್ಲ! ಕಥೆ ಇರುವುದೇ ಅಲ್ಲಿ. 1990ರ ಫೆಬ್ರವರಿಯಲ್ಲಿ ಆ ಆರು ಜನರಲ್ಲಿ ಒಬ್ಬ, ಒಕಾಜಾಕಿ, ಪಂಥ ಬಿಟ್ಟು ಓಡಿಹೋದ. ಗುರುವಿನಿಂದ ದುಡ್ಡು ಕೀಳಬೇಕು ಅನ್ನುವುದು ಅವನ ಲೆಕ್ಕ. ಮಗುವನ್ನು ಎಲ್ಲಿ ಹೂತಿದ್ದಾರೆ ಅಂತ ನಕ್ಷೆ ಬರೆದು, ಹೆಸರು ಹಾಕದೆ ಪೊಲೀಸರಿಗೆ ಕಳಿಸಿದ. ನಾಗಾನೊ ಪ್ರಾಂತ್ಯದ ಆ ಜಾಗಕ್ಕೆ ಪೊಲೀಸರು ಹೋದರು, ಹುಡುಕಿದರು, ಏನೂ ಸಿಗಲಿಲ್ಲ. ಐದೂವರೆ ವರ್ಷದ ಮೇಲೆ ಮಗುವಿನ ಶವ ಸಿಕ್ಕಿದ್ದು ಅದೇ ಪ್ರದೇಶದಲ್ಲಿ. ನಕ್ಷೆ ಪೊಲೀಸರ ಕೈಗೆ ಬಂದ ಅದೇ ತಿಂಗಳು ಅಸಹರಾ 24 ಶಿಷ್ಯರ ಜೊತೆ ಸಂಸತ್ ಚುನಾವಣೆಗೆ ನಿಂತಿದ್ದ. ಎಲ್ಲರೂ ಸೋತರು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ, ನಿಮ್ಮ ಅಭಿಪ್ರಾಯ ಬೇಕಿಲ್ಲ.

ಇನ್ನೊಬ್ಬ ವಕೀಲರನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಸಕಾಮೊಟೊ ಕಾಣೆಯಾದ ಮೇಲೂ ತಾಕಿಮೊಟೊ ತಾರೊ ಎಂಬ ವಕೀಲರು ಪಂಥದ ವಿರುದ್ಧದ ಕೆಲಸ ಮುಂದುವರಿಸಿದರು. 1994ರ ಮೇ ತಿಂಗಳಲ್ಲಿ ಕೋರ್ಟಿನ ಹತ್ತಿರ ನಿಲ್ಲಿಸಿದ್ದ ಅವರ ಕಾರಿಗೆ ಸರಿನ್ ಹಾಕಿದರು. ಅವರು ಬದುಕಿಕೊಂಡರು. ಹೀಗೆ ಕೇಸು ಕೈಬಿಡದೆ ಹಿಡಿದುಕೊಂಡವರೂ ಇದ್ದರಲ್ಲ, ಅವರಿಗೂ ನಿಮ್ಮಲ್ಲಿ ಜಾಗ ಬೇಕು.

ಈಗ ಬಂಧನದ ವಿಷಯ. ಇಲ್ಲಿ ನೀವು ನಿಜಕ್ಕೂ ತಪ್ಪು ಬರೆದಿದ್ದೀರಿ. 1995ರ ಮೇ 16ರಂದು ಫ್ಯೂಜಿ ಬೆಟ್ಟದ ತಪ್ಪಲಿನ ಕಟ್ಟಡದಲ್ಲಿ, ಎರಡು ಮಹಡಿಗಳ ನಡುವಿನ ಇಕ್ಕಟ್ಟು ಜಾಗದಲ್ಲಿ ಅಡಗಿದ್ದ ಅಸಹರಾನನ್ನು ಹಿಡಿದರು. ಅದಕ್ಕೆ ಮೂರು ಪುಟ ಬರೆದು ಕೊನೆಗೆ ‘ಇದರೊಂದಿಗೆ ವಕೀಲನ ನಾಪತ್ತೆ ಪ್ರಕರಣ ಸುಖಾಂತ್ಯ ಕಂಡಿತು’ ಅಂದಿದ್ದೀರಿ. ಸುಖಾಂತ್ಯ? ಮೊದಲನೆಯದಾಗಿ, ಅವತ್ತು ಅವನನ್ನು ಹಿಡಿದದ್ದು ಸುರಂಗ ರೈಲಿನ ಕೇಸಿಗೆ. ಸಕಾಮೊಟೊ ಅವರ ತಾಯಿಗೆ ಅವತ್ತೂ ಮಗ, ಸೊಸೆ, ಮೊಮ್ಮಗ ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ. ಅದು ಗೊತ್ತಾಗಲು ಒಕಾಜಾಕಿ ಬಾಯಿ ಬಿಡಬೇಕಾಯಿತು, ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಮನೆಗೆ ನುಗ್ಗಿದ ಆರು ಜನರಲ್ಲಿ ಒಬ್ಬ 1995ರಲ್ಲೇ ಟೋಕಿಯೊದಲ್ಲಿ ಟೀವಿ ಕ್ಯಾಮೆರಾಗಳ ಮುಂದೆ ಚೂರಿ ಇರಿತಕ್ಕೆ ಸತ್ತ. ಉಳಿದ ಐವರನ್ನು, ನಕ್ಷೆ ಕಳಿಸಿದವನನ್ನೂ ಸೇರಿಸಿ, 2018ರ ಜುಲೈನಲ್ಲಿ ಗಲ್ಲಿಗೇರಿಸಿದರು. ಅಸಹರಾನಿಗೂ ಅದೇ ತಿಂಗಳು. ಈ ಅಂಕಿ ಅಂಶಕ್ಕೆ ಒಂದು ಪ್ಯಾರಾ ಸಾಕು.

ನೀವು ‘ಶಂಕಿತ’, ‘ಆರೋಪಿ’, ‘ಹಂತಕ’ ಮೂರನ್ನೂ ಸಿಕ್ಕ ಸಿಕ್ಕಲ್ಲಿ ಒಂದೇ ಅರ್ಥಕ್ಕೆ ಬಳಸುತ್ತೀರಿ. ಇದು ಬರೀ ಭಾಷೆಯ ತಕರಾರಲ್ಲ, ನಿಮ್ಮ ವಿಷಯದೊಳಗೇ ಇದಕ್ಕೆ ಪುರಾವೆ ಇದೆ. 1994ರ ಜೂನ್‌ನಲ್ಲಿ ಮತ್ಸುಮೊಟೊ ಊರಲ್ಲಿ ಇದೇ ಪಂಥ, ತನ್ನ ಜಮೀನು ವ್ಯಾಜ್ಯ ನಡೆಸುತ್ತಿದ್ದ ನ್ಯಾಯಾಧೀಶರನ್ನು ಗುರಿಯಾಗಿಸಿ ಸರಿನ್ ಬಿಟ್ಟಿತು. ಮೊದಲು ಫೋನ್ ಮಾಡಿ ಸಹಾಯ ಕೇಳಿದ ಅಲ್ಲಿನ ನಿವಾಸಿಯ ಮನೆಯನ್ನೇ ಪೊಲೀಸರು ಶೋಧಿಸಿದರು. ಅವರನ್ನು ಬಂಧಿಸಲೂ ಇಲ್ಲ, ಆದರೆ ಪತ್ರಿಕೆಗಳು ಅವರೇ ಮಾಡಿದ್ದು ಎನ್ನುವ ಹಾಗೆ ಬರೆದವು. ಅದೇ ವಿಷಾನಿಲದಿಂದ ಅವರ ಹೆಂಡತಿ ಕೋಮಾಗೆ ಹೋಗಿದ್ದರು, ಚೇತರಿಸಿಕೊಳ್ಳದೆ 2008ರಲ್ಲಿ ತೀರಿಕೊಂಡರು. ಪತ್ರಿಕೆಗಳು 1995ರಲ್ಲಿ ಕ್ಷಮೆ ಕೇಳಿದವು. ‘ಶಂಕಿತ ಹಂತಕನ ಸೆರೆ’ ಅಂತ ನೀವು ಉಪಶೀರ್ಷಿಕೆ ಬರೆಯುವಾಗ ಈ ಮನುಷ್ಯನ ನೆನಪಿರಲಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಬೆಚ್ಚಿಬೀಳಿಸಿದ’, ‘ಖಾಕಿ ಬಲೆಗೆ’, ‘ಹೆಡೆಮುರಿ ಕಟ್ಟಿದರು’, ‘ನಿಗೂಢವಾಗಿ’, ‘ಖದೀಮರು’, ಇವಿಷ್ಟನ್ನೂ ಹುಡುಕಿ ಅಳಿಸಿ. ಕ್ರೈಂ ಸುದ್ದಿ ಓದಿ ಓದಿ ಇವು ಕೈಗೆ ತಾವಾಗಿಯೇ ಬರುತ್ತವೆ, ಗೊತ್ತು. ಉದಾಹರಣೆಗೆ, ‘ನಿಗೂಢವಾಗಿ ನಾಪತ್ತೆಯಾದ ವಕೀಲನ ಪ್ರಕರಣ ಇಡೀ ಜಪಾನನ್ನೇ ಬೆಚ್ಚಿಬೀಳಿಸಿತು’ ಎಂಬ ನಿಮ್ಮ ಸಾಲು. ಬೆಚ್ಚಿಬಿದ್ದಿದ್ದರೆ ಆರು ವರ್ಷ ಯಾಕೆ ಬೇಕಾಯಿತು? ‘ವಕೀಲರು ಕೆಲಸಕ್ಕೆ ಬರಲಿಲ್ಲ. ಮನೆಯಲ್ಲೂ ಯಾರೂ ಇರಲಿಲ್ಲ’ ಅಂತ ಬರೆದು ನೋಡಿ.

ಹೆಸರುಗಳು ತುಂಬಾ ಆದವು. ಜಪಾನಿ ಹೆಸರು ನಮ್ಮ ಓದುಗರಿಗೆ ಹೊಸದು, ಹದಿನೈದು ಹೆಸರು ಸುರಿದರೆ ಎರಡನೇ ಪುಟಕ್ಕೇ ಕೈಬಿಡುತ್ತಾರೆ. ಗಂಡ, ಹೆಂಡತಿ, ಗುರು, ಒಕಾಜಾಕಿ, ತಾಕಿಮೊಟೊ ಸಾಕು. ಉಳಿದವರನ್ನು ಅವರ ಕೆಲಸದಿಂದ ಗುರುತಿಸಿ. ಸಕಾಮೊಟೊ ಹೆಸರನ್ನೇ ಮೂರು ಥರ ಬರೆದಿದ್ದೀರಿ, ಒಂದಕ್ಕೆ ಬನ್ನಿ.

ಕೊನೆಯ ಪ್ಯಾರಾ ತೆಗೆದುಬಿಡಿ. ‘ಪುಣ್ಯಕ್ಕೆ ನಮ್ಮ ನಾಡಿನಲ್ಲಿ ವಕೀಲರು ಹೀಗೆ ಮಾಯವಾಗುವುದಿಲ್ಲ’ ಅಂತ ಬರೆದಿದ್ದೀರಿ. 1987ರಲ್ಲಿ ಕೇರಳದ ವಕೀಲ ರಶೀದ್ ಬೆಂಗಳೂರಿಗೆ ಬಂದು ಕಾಣೆಯಾದರು. ಶವ ಸಿಕ್ಕಿದ್ದು ತಮಿಳುನಾಡಿನ ಸೇಲಂ ಕಡೆ, ರೈಲು ಹಳಿಯ ಹತ್ತಿರ. ಸಿಬಿಐ ತನಿಖೆಯಾಯಿತು. ಆಗಿನ ನಮ್ಮ ಗೃಹ ಸಚಿವರು ರಾಜೀನಾಮೆ ಕೊಟ್ಟರು, ಆರೋಪಿಯೂ ಆದರು, ಮುಂದೆ ಕೋರ್ಟಿನಲ್ಲಿ ಖುಲಾಸೆಯಾದರು. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರನ್ನು ಕೇಳಿ, ‘ರಶೀದ್ ಕೇಸು’ ಅಂದರೆ ಸಾಕು, ನೆನಪು ಮಾಡಿಕೊಳ್ಳುತ್ತಾರೆ. ಅದನ್ನು ಈ ಲೇಖನಕ್ಕೆ ತುರುಕಬೇಡಿ. ಬೇಕಾದರೆ ಬೇರೆಯೇ ಬರೆಯಿರಿ, ಅದಕ್ಕೂ ಓದುಗರಿದ್ದಾರೆ.

ಮತ್ತೆ ಕಳಿಸುವಾಗ ಎರಡು ಸಾವಿರ ಪದ ದಾಟಬೇಡಿ. ಬಂಧನದ ಮೂರು ಪುಟ ಹೋದರೆ ಟೇಪಿಗೂ ನಕ್ಷೆಗೂ ಬೇಕಾದ ಜಾಗ ತಾನಾಗಿಯೇ ಸಿಗುತ್ತದೆ. ಯಾವ ವಿವರ ಎಲ್ಲಿ ಓದಿದಿರಿ ಅಂತ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ, ನಾವು ಒಂದೊಂದನ್ನೂ ನೋಡುತ್ತೇವೆ. ಮಗುವಿನ ಫೋಟೊ ಕಳಿಸಿದ್ದೀರಿ, ಅದನ್ನು ಹಾಕುವುದಿಲ್ಲ. ತಲೆಬರಹ ನಮಗೆ ಬಿಡಿ.