ಐದನೇ ತರಗತಿಗೆ ಮರುಬಳಕೆ ಪಾಠ: ಬಾಟಲಿಯಲ್ಲಿ ಪೆನ್ ಸ್ಟ್ಯಾಂಡ್ ಮಾಡಿಸಿದರೆ ಸಾಕಾ?

ಐದನೇ ತರಗತಿ ಮಕ್ಕಳಿಗೆ ಮರುಬಳಕೆ ಬಗ್ಗೆ ಭಾಷಣ ಬೇಡ, ಚಟುವಟಿಕೆಯಲ್ಲೇ ಕಲಿಸಬೇಕು, ನೀರಿನ ಬಾಟಲಿಯಲ್ಲಿ ಪೆನ್ ಸ್ಟ್ಯಾಂಡ್ ಮಾಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಪ್ರಕಾರ ಅಷ್ಟು ಸಾಲದು. ಬಾಟಲಿಗೆ ಗೋಂದು, ಬಣ್ಣ, ಮಿಂಚಿನ ಪುಡಿ ಹಚ್ಚಿದ ಮೇಲೆ ಅದನ್ನು ಕರಗಿಸಿ ಇನ್ನೊಂದು ವಸ್ತು ಮಾಡೋದು ಕಷ್ಟ. 'ಕಸದಿಂದ ರಸ' ಸ್ಪರ್ಧೆ ಅಂತ ಅಂಗಡಿಯಿಂದ ಹೊಸ ಥರ್ಮಾಕೋಲ್, ಬಣ್ಣದ ಹಾಳೆ ತರಿಸುವ ಮನೆಗಳೂ ಇವೆ. ಬಿಸಾಡಿದ್ದು ಎಲ್ಲಿಗೆ ಹೋಗುತ್ತೆ, ಅಲ್ಲಿ ಏನಾಗುತ್ತೆ ಅನ್ನೋದು ಮಕ್ಕಳ ಕಣ್ಣಿಗೆ ಬೀಳಬೇಕು. ಅದಕ್ಕೆ ದುಡ್ಡೂ ಬೇಕಿಲ್ಲ.

ಮೊದಲ ದಿನ ನಿಮ್ಮ ತರಗತಿಯ ಕಸದ ಬುಟ್ಟಿಯನ್ನೇ ಹಳೆ ಪೇಪರ್ ಮೇಲೆ ಸುರಿಯಿರಿ. ಬ್ಲೇಡು, ಗಾಜು ಇದ್ದರೆ ನೀವೇ ಮೊದಲು ತೆಗೆದಿಡಿ. ಉಳಿದದ್ದನ್ನು ಮಕ್ಕಳು ಬೇರೆ ಮಾಡಲಿ. ಬಿಸಿಯೂಟದ ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ ಒಂದು ಕಡೆ. ಕಾಗದ, ಚಿಪ್ಸ್ ಕವರ್, ಮುಗಿದ ಪೆನ್ನು ಇನ್ನೊಂದು ಕಡೆ. ಹಳೆ ಸೆಲ್ ಸಿಕ್ಕರೆ ಅದು ಬೇರೆಯೇ. 2016ರ ಘನತ್ಯಾಜ್ಯ ನಿಯಮಗಳು ಮನೆಮನೆಗೂ ಹೇಳಿದ್ದು ಇದನ್ನೇ: ಹಸಿ ಕಸ, ಒಣ ಕಸ, ಅಪಾಯಕಾರಿ ಕಸ. ಕೈ ತೊಳೆಸೋದು ಮರೀಬೇಡಿ.

ಆಮೇಲೆ ನಿಮ್ಮ ಬೀದಿಗೆ ಬರುವ ಗುಜರಿಯವರನ್ನು ತಕ್ಕಡಿ ಸಮೇತ ತರಗತಿಗೆ ಕರೆಯಿರಿ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಡಿ. ಕುರ್ಚಿ ಹಾಕಿ, ಟೀ ಕೊಟ್ಟು ಕೂರಿಸಿ, ಯಾಕಂದ್ರೆ ಈ ಪಾಠಕ್ಕೆ ಅವರೇ ಮೇಷ್ಟ್ರು. ರಟ್ಟಿಗೆ ಒಂದು ರೇಟು, ಹಳೆ ನೋಟ್‌ಬುಕ್ಕಿಗೆ ಒಂದು, ತಗಡಿಗೆ ಒಂದು ಅಂತ ಅವರು ತೂಗಿ ಹೇಳುವಾಗ ಮಕ್ಕಳು ಲೆಕ್ಕ ಬರೆದುಕೊಳ್ಳಲಿ. ನೆಂದ ಪೇಪರ್ ಬೇಡ ಅಂತಾರೆ. ಚಿಪ್ಸ್ ಕವರನ್ನಂತೂ ಮುಟ್ಟೋದೇ ಇಲ್ಲ. ಯಾಕೆ ಅಂತ ಮಕ್ಕಳು ಕೇಳೇ ಕೇಳ್ತಾರೆ. ಆಗ ಕವರ್ ಬಿಡಿಸಿ ಒಳಗಿನ ಬೆಳ್ಳಿ ಬಣ್ಣ ತೋರಿಸಿ. ಪ್ಲಾಸ್ಟಿಕ್ ಪದರಗಳು, ಅಲ್ಯೂಮಿನಿಯಂ ಲೇಪ ಎಲ್ಲಾ ಒಂದಕ್ಕೊಂದು ಅಂಟಿರುತ್ತವೆ. ಬಿಡಿಸೋದು ಕಷ್ಟ, ಹಾಗಾಗಿ ಕೊಳ್ಳುವವರಿಲ್ಲ. ಹಾಲಿನ ಪ್ಯಾಕೆಟ್ ಹಾಗಲ್ಲ, ಅದು ಬರೀ ಪಾಲಿಥಿನ್, ತೊಳೆದು ಒಣಗಿಸಿಟ್ಟರೆ ಬಳಕೆಗೆ ಬರುತ್ತೆ. ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ಬೇರೆಯಾಗದಂತೆ ನೋಡಿಕೊಳ್ಳಿ ಅಂತ ಮನೆಯಲ್ಲಿ ಹೇಳೋಕೆ ಮಕ್ಕಳಿಗೆ ಹೇಳಿ. ಆ ಚೂರನ್ನು ಆಯ್ದುಕೊಳ್ಳೋಕೆ ಯಾರಿಗೂ ಆಗಲ್ಲ.

ನನಗೆ ತುಂಬಾ ಇಷ್ಟವಾದದ್ದು ಮುಳುಗು-ತೇಲು ಆಟ. ನೀರಿನ ಬಾಟಲಿಯನ್ನೂ ಅದರ ಮುಚ್ಚಳವನ್ನೂ ಸಣ್ಣ ಚೂರು ಮಾಡಿ (ಕತ್ತರಿ ಕೆಲಸ ನಿಮ್ಮದು) ಒಂದು ಬಕೆಟ್ ನೀರಿಗೆ ಹಾಕಿ. ಏನಾಗುತ್ತೆ ಅಂತ ಮಕ್ಕಳು ಮೊದಲೇ ಊಹಿಸಲಿ. ಬಾಟಲಿ ಚೂರು ತಳಕ್ಕೆ ಹೋಗುತ್ತೆ, ಮುಚ್ಚಳದ ಚೂರು ಮೇಲೇ ತೇಲುತ್ತೆ. ಚೂರಿಗೆ ಗಾಳಿಗುಳ್ಳೆ ಅಂಟಿದ್ದರೆ ಬಾಟಲಿ ಚೂರೂ ತೇಲಿ ಮೋಸ ಮಾಡುತ್ತೆ, ನೀರಿಗೆ ಒಂದು ಹನಿ ಸೋಪು ಹಾಕಿ ಬೆರಳಲ್ಲಿ ಅದುಮಿ. ಬಾಟಲಿ ಪೆಟ್ ಪ್ಲಾಸ್ಟಿಕ್, ನೀರಿಗಿಂತ ಭಾರ. ಮುಚ್ಚಳ ಬೇರೆ ಪ್ಲಾಸ್ಟಿಕ್, ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಗಳಲ್ಲೂ ದೊಡ್ಡ ತೊಟ್ಟಿಯಲ್ಲಿ ಹೀಗೇ ಇವೆರಡನ್ನೂ ಬೇರೆ ಮಾಡುತ್ತಾರೆ. ಆಮೇಲೆ ಡಬ್ಬಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ನಂಬರ್ ಹುಡುಕಿಸಿ. ನೀರಿನ ಬಾಟಲಿಗೆ 1 ಇರುತ್ತೆ, ಹಲವು ಟಿಫಿನ್ ಡಬ್ಬಗಳಿಗೆ 5. ಮನೆಗೆ ಹೋಗಿ ಅಡುಗೆಮನೆಯ ಡಬ್ಬವನ್ನೆಲ್ಲಾ ತಿರುಗಿಸಿ ನೋಡದ ಮಗುವೇ ಇರಲ್ಲ.

ಹಸಿ ಕಸಕ್ಕೆ ಒಂದು ಹಳೆ ಕುಂಡ ಸಾಕು. ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದ ಎಲೆ. ಅದರ ಜೊತೆಗೇ ಒಂದು ಚಿಪ್ಸ್ ಕವರೂ ಹೂತಿಡಿ. ಎರಡು ತಿಂಗಳು ಬಿಟ್ಟು ಅಗೆದಾಗ ನೀವು ಬಾಯಿ ಬಿಡಬೇಕಾಗಿಲ್ಲ.

ಕೊನೆಗೆ ಕಾಗದ ಮಾಡಿಸಿ. ರಫ್ ನೋಟ್‌ಬುಕ್ಕಿನ ಹಾಳೆ ಹರಿದು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಅಗಲವಾದ ಟಬ್ಬಿನ ನೀರಿಗೆ ಕಲಸಿ. ನೀರು ಮಜ್ಜಿಗೆಯಷ್ಟು ತೆಳ್ಳಗಿರಲಿ. ಒಡೆದ ಸ್ಲೇಟಿನ ಮರದ ಚೌಕಟ್ಟಿಗೆ ಸೊಳ್ಳೆ ಪರದೆ ಬಿಗಿದರೆ ಜರಡಿ ಸಿದ್ಧ. ಅದನ್ನು ಟಬ್ಬಿನಲ್ಲಿ ಮುಳುಗಿಸಿ, ಅಲ್ಲಾಡಿಸದೆ ಮೇಲೆತ್ತಿ, ನೀರು ಸೋರಿದ ಮೇಲೆ ಹತ್ತಿ ಬಟ್ಟೆ ಮೇಲೆ ಮಗುಚಿ ಸ್ಪಂಜಿನಿಂದ ಒತ್ತಿ. ಕಾಗದ ಬೂದು ಬಣ್ಣಕ್ಕೆ ಬರುತ್ತೆ, ಅದು ಹಳೆ ಶಾಯಿ. ಪ್ರತಿ ಸಲ ರುಬ್ಬಿದಾಗಲೂ ನಾರು ಗಿಡ್ಡವಾಗುತ್ತಾ ಹೋಗುತ್ತೆ, ಹಾಗಾಗಿ ಕಾಗದವನ್ನು ಎಷ್ಟು ಸಲ ಬೇಕಾದರೂ ಹೀಗೆ ಮಾಡೋಕಾಗಲ್ಲ ಅಂತಲೂ ಹೇಳಿ. ಒಣಗಿದ ಹಾಳೆ ಮೇಲೆ ಬರೆದಾಗ ಪೆನ್ನಿನ ಶಾಯಿ ಹರಡಿದರೆ ಮುಂದಿನ ಸಲ ಟಬ್ಬಿಗೆ ಒಂದು ಲೋಟ ಅನ್ನದ ಗಂಜಿ ಸೇರಿಸಿ. ಮಳೆಗಾಲದಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ, ಹಾಳೆ ಒಣಗೋದೇ ಇಲ್ಲ.