ಹಡಗು ದಡಕ್ಕೆ ಬಂದ ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳ ಅತ್ತೆ ಮಾವ ಇಂಗ್ಲೆಂಡಿನವರು. ಜನವರಿಯಲ್ಲಿ ಕ್ರೂಸ್ ಹಡಗಿನಲ್ಲಿ ಮಂಗಳೂರಿಗೆ ಬರುತ್ತಿದ್ದಾರೆ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದಂತೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಕಾರಿನಲ್ಲಿ ಮೂಡುಬಿದಿರೆ, ಕಾರ್ಕಳ, ಉಡುಪಿ ತೋರಿಸಿ ಬಿಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಮೂರೂ ಬೇಡ, ಮೂಡುಬಿದಿರೆ ಒಂದೇ ಸಾಕು. ಹಡಗು ಹತ್ತು ಗಂಟೆ ನಿಂತರೂ ನಿಮ್ಮ ಬೀಗರು ನಿಮ್ಮ ಕೈಗೆ ಸಿಗುವುದು ಆರೂವರೆ ಗಂಟೆ ಮಾತ್ರ. ಇಮಿಗ್ರೇಷನ್ ಮುಗಿಸಿ ಪಣಂಬೂರಿನಲ್ಲಿರುವ ಬಂದರಿನ ಗೇಟು ದಾಟುವಾಗ 9 ಆಗುತ್ತದೆ ಎಂದೇ ಇಟ್ಟುಕೊಳ್ಳಿ. ಎಲ್ಲರೂ ಹಡಗಿನೊಳಗೆ ಇರಬೇಕಾದ ಹೊತ್ತು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು, ಅಂದರೆ 4.30. ಗೇಟಿನ ತಪಾಸಣೆ, ಹಡಗು ನಿಂತ ಕಟ್ಟೆಯವರೆಗಿನ ಬಸ್ಸು, ಹಡಗಿನ ಬಾಗಿಲಿನ ಎಕ್ಸ್‌ರೇ ಸಾಲು ಇವಕ್ಕೆ ಒಂದು ಗಂಟೆ ಕಳೆದರೆ 3.30ಕ್ಕೆ ನೀವು ಗೇಟಿನ ಬಳಿ ಇರಬೇಕು. ದಿನದ ಲೆಕ್ಕವನ್ನೆಲ್ಲ ಈ 3.30ರಿಂದ ಹಿಂದಕ್ಕೆ ಹಾಕಿ.

ಇನ್ನೊಂದು ನಿಯಮ: ದೂರದ್ದು ಮೊದಲು, ಬಂದರಿಗೆ ಹತ್ತಿರದ್ದು ಕೊನೆಗೆ. ತಡವಾದರೆ ಹತ್ತಿರದ್ದನ್ನು ಬಿಟ್ಟುಬಿಡಬಹುದು. ಬೆಳಿಗ್ಗೆ ಊರು ಸುತ್ತಿ ಮಧ್ಯಾಹ್ನ ಮೂಡುಬಿದಿರೆಗೆ ಹೊರಟವರು ವಾಪಸು ಬರುವಾಗ ಕೂಳೂರು ಸೇತುವೆಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಊರಿನಿಂದ ಪಣಂಬೂರಿಗೆ ಸುಮಾರು 10 ಕಿ.ಮೀ. ಅಷ್ಟೇ, ಆದರೂ ಗುರುಪುರ ಹೊಳೆ ದಾಟಲು ಹೆದ್ದಾರಿಯ ಲಾರಿ, ಟ್ಯಾಂಕರುಗಳೆಲ್ಲ ಅಲ್ಲಿಗೇ ಬರಬೇಕು. ಹತ್ತು ಕಿಲೋಮೀಟರಿಗೆ 45 ನಿಮಿಷ ಇಟ್ಟುಕೊಳ್ಳಿ.

ಪಣಂಬೂರಿನಿಂದ ಮೂಡುಬಿದಿರೆ ಸುಮಾರು 40 ಕಿ.ಮೀ. 9ಕ್ಕೆ ಹೊರಟರೆ 10.30ರ ಒಳಗೆ ಸಾವಿರ ಕಂಬದ ಬಸದಿಯ ಎದುರು ಇರುತ್ತೀರಿ. 1430ರ ಕಟ್ಟಡ. ಕಂಬಗಳನ್ನು ಎಣಿಸುತ್ತಾ ಓಡಾಡಿಸಬೇಡಿ. ಅಕ್ಕಪಕ್ಕದ ಎರಡು ಕಂಬಗಳ ಮುಂದೆ ನಿಲ್ಲಿಸಿ, ಒಂದರ ಕೆತ್ತನೆ ಇನ್ನೊಂದರಲ್ಲಿ ಇಲ್ಲದ್ದನ್ನು ಅವರೇ ಕಂಡುಕೊಳ್ಳಲಿ. ಆಮೇಲೆ ಭೈರಾದೇವಿ ಮಂಟಪದ ಬುಡದ ಕಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಆಫ್ರಿಕದ ಪ್ರಾಣಿಯ ರೂಪ ತುಳುನಾಡಿನ ಶಿಲ್ಪಿಯ ಉಳಿಗೆ ಸಿಕ್ಕಿದ್ದು ಕಡಲ ವ್ಯಾಪಾರದ ದಾರಿಯಲ್ಲಿ ಎನ್ನುತ್ತಾರೆ. ಹಡಗಿನಲ್ಲಿ ಬಂದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಜಿಲ್ಲೆಯಲ್ಲಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಚಪ್ಪಲಿ ಮಾತ್ರವಲ್ಲ, ಚರ್ಮದ ಬೆಲ್ಟು, ಚೀಲಗಳನ್ನೂ ಹೊರಗೆ ಬಿಡಬೇಕಾಗುತ್ತದೆ. 11 ಗಂಟೆಯ ಮೇಲೆ ಅಂಗಳದ ಕಲ್ಲು ಬರಿಗಾಲಿಗೆ ಸುಡುತ್ತದೆ, ದಪ್ಪ ಕಾಲುಚೀಲ ತರಲು ಮೊದಲೇ ಹೇಳಿ. ಸೆಖೆಗೆ ಆಗಾಗ ನೀರು ಬೇಕು. ಕಣ್ಣೆದುರೇ ಕೆತ್ತಿಸಿದ ಬೊಂಡ (ಎಳನೀರು) ಎಲ್ಲಕ್ಕಿಂತ ಸುರಕ್ಷಿತ.

ಕಾರ್ಕಳ ಅಲ್ಲಿಂದ ಇನ್ನೂ 18 ಕಿ.ಮೀ. 1432ರ, 42 ಅಡಿಯ ಬಾಹುಬಲಿಯನ್ನು ನೋಡಲು ಬಂಡೆಯ ಮೆಟ್ಟಿಲು ಹತ್ತಬೇಕು. ಎಪ್ಪತ್ತು ದಾಟಿದವರನ್ನು ಜನವರಿಯ ಬಿಸಿಲಲ್ಲೂ ನಡುಮಧ್ಯಾಹ್ನ ಹತ್ತಿಸುವುದು ಬೇಡ. ಉಡುಪಿ ಬೇರೆಯೇ ದಿಕ್ಕು.

12.30ಕ್ಕೆ ಮೂಡುಬಿದಿರೆ ಬಿಡಿ. ಮಂಗಳೂರು ಊರೊಳಗಿನ ನಂತೂರಿಗೆ ಬಂದಾಗ ಗಂಟೆ 2 ಆಗಿರದಿದ್ದರೆ ಊಟ ಮಾಡಿ, ಸಂತ ಅಲೋಶಿಯಸ್ ಚಾಪೆಲ್‌ಗೆ ಅರ್ಧ ಗಂಟೆ ಕೊಡಿ. ಇಟಲಿಯ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಗೋಡೆ, ಚಾವಣಿ ತುಂಬ ಚಿತ್ರ ಬರೆದ ಜಾಗ. ಕದ್ರಿ ದೇವಸ್ಥಾನದ ಕ್ರಿ.ಶ. 968ರ ಲೋಕೇಶ್ವರ ವಿಗ್ರಹ ನಂತೂರಿಗೆ ಇನ್ನೂ ಹತ್ತಿರ, ಆದರೆ ಮಧ್ಯಾಹ್ನ ದೇವಸ್ಥಾನಗಳು ಬಾಗಿಲು ಹಾಕುವ ಹೊತ್ತು. 2 ದಾಟಿದ್ದರೆ ಎರಡನ್ನೂ ಬಿಟ್ಟು ನೇರ ಪಣಂಬೂರಿಗೆ. ಹೊತ್ತು ಮಿಕ್ಕರೆ ಬೀಚು ಬಂದರಿನ ಮಗ್ಗುಲಲ್ಲೇ ಇದೆ.

ಊಟಕ್ಕೆ ನೀರುದೋಸೆ ಎಲ್ಲರ ಹೊಟ್ಟೆಗೂ ಒಗ್ಗುತ್ತದೆ. ಕೋರಿ ರೊಟ್ಟಿ ತರಿಸಿದರೆ ಸಾರನ್ನು ರೊಟ್ಟಿಯ ಮೇಲೆ ಒಮ್ಮೆಗೇ ಸುರಿಯಬೇಡಿ. ಸ್ವಲ್ಪ ಸ್ವಲ್ಪ ನೆನೆಸಿ ತಿಂದರೆ ಗರಿಗರಿ ಉಳಿಯುತ್ತದೆ, ಖಾರವೂ ಹಿಡಿತದಲ್ಲಿರುತ್ತದೆ.

ಪ್ರಶ್ನೆ: ನೆಂಟರನ್ನು ಹಡಗಿನ ಹತ್ತಿರವೇ ಹೋಗಿ ಕರೆತರಬಹುದೇ? ಅವರ ಬಳಿ ಯಾವ ಕಾಗದ ಇರಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ನವಮಂಗಳೂರು ಕಲ್ಲಿದ್ದಲು, ಎಣ್ಣೆ, ಸರಕು ಸಾಗಿಸುವ ದೊಡ್ಡ ಬಂದರು, ಕಾವಲು ಸಿಐಎಸ್‌ಎಫ್‌ನದು. ಗೇಟಿನ ಹೊರಗೆ ಯಾವ ಅಂಗಡಿಯ ಎದುರು, ಯಾವ ಬಣ್ಣದ ಕಾರು ಎಂದು ಫೋಟೊ ಸಮೇತ ಹಿಂದಿನ ದಿನವೇ ಕಳಿಸಿ. ಭಾರತದ ಸಿಮ್ ಇಲ್ಲದವರ ಫೋನು ಕೈಕೊಡುವುದು ಇಲ್ಲೇ.

ವಿದೇಶಿಯರಿಗೆ ವೀಸಾ ಬೇಕೇ ಬೇಕು. ಇ-ವೀಸಾ ಒಪ್ಪುವ ಬಂದರುಗಳಲ್ಲಿ ಮಂಗಳೂರೂ ಇದೆ. 30 ದಿನದ ಇ-ಪ್ರವಾಸಿ ವೀಸಾದಲ್ಲಿ ಪ್ರವೇಶ ಎರಡೇ ಸಲ. ಹಡಗು ಮುಂಬಯಿ, ಮಂಗಳೂರು ಮುಗಿಸಿ ಮಾಲ್ಡೀವ್ಸ್‌ನ ಮಾಲೆಗೆ ಹೋಗಿ ಕೊಚ್ಚಿಗೆ ಬಂದು, ಕೊಲಂಬೊ ಮುಟ್ಟಿ ಚೆನ್ನೈಗೆ ಬಂದರೆ ಮೂರನೆಯ ಪ್ರವೇಶವಾಯಿತು. ಅಂಥ ಮಾರ್ಗಕ್ಕೆ ಒಂದು ವರ್ಷದ್ದನ್ನೇ ಮಾಡಿಸಿ. ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡು) ಇರುವ ನಮ್ಮವರು ಕಾರ್ಡು, ಪಾಸ್‌ಪೋರ್ಟು ಎರಡನ್ನೂ ಹಿಡಿದು ಬರಬೇಕು. ಇಳಿಯುವಾಗ ಕೊಡುವ ಲ್ಯಾಂಡಿಂಗ್ ಕಾರ್ಡು ಹತ್ತುವಾಗಲೂ ಬೇಕು. ಸ್ಯಾಟಲೈಟ್ ಫೋನು, ಚಾರಣಿಗರ ಸ್ಯಾಟಲೈಟ್ ಸಂದೇಶ ಯಂತ್ರಗಳಿಗೆ ಇಲ್ಲಿ ಪರವಾನಗಿ ಬೇಕು. ಹಡಗಿನಲ್ಲೇ ಬಿಟ್ಟು ಬರಲಿ. ಅವರ ಬಳಿ ಯುಪಿಐ ಇರುವುದಿಲ್ಲ, 100ರ ನೋಟುಗಳನ್ನು ನೀವೇ ಒಯ್ಯಿರಿ.

ಪ್ರಶ್ನೆ: ಹಡಗು ತಪ್ಪಿದರೆ ಏನು ಗತಿ?
— ಓದುಗರೊಬ್ಬರು, ಟೊರಾಂಟೊ

ಉತ್ತರ: ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಊರಿಗೆ ತಲುಪಿಸುತ್ತಾರೆ. ಸ್ವಂತ ಟ್ಯಾಕ್ಸಿಯವರಿಗೆ ಕಾಯುವುದಿಲ್ಲ, ಖರ್ಚೂ ನಿಮ್ಮದೇ. ಹಡಗು ಪ್ರತಿದಿನ ಕೊಡುವ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ಸಂಖ್ಯೆ ಇರುತ್ತದೆ. ಇಳಿಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ, ತಡವಾಗುತ್ತದೆ ಅನ್ನಿಸಿದ ಕೂಡಲೇ ಕರೆ ಮಾಡಿ. ಮುಂದಿನ ನಿಲ್ದಾಣ ಕೊಚ್ಚಿಯಾದರೆ ರಾತ್ರಿ ರೈಲಿದೆ. ಕೊಲಂಬೊ ಆದರೆ ವಿಮಾನ ಹಿಡಿಯಬೇಕು; ಅದಕ್ಕೆ ಪಾಸ್‌ಪೋರ್ಟ್ ಬೇಕು.

ತಪ್ಪುವುದಕ್ಕೆ ಗಡಿಯಾರವೂ ಕಾರಣ. ಹಡಗು ತನ್ನದೇ ಸಮಯ ಇಟ್ಟುಕೊಳ್ಳಬಹುದು, ಫೋನು ಮಾತ್ರ ದಡದ ನೆಟ್‌ವರ್ಕ್ ಸಿಕ್ಕೊಡನೆ ಬದಲಾಗುತ್ತದೆ. ಮಾಲೆಯ ಸಮಯ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಹಡಗು ಭಾರತದ ಸಮಯದಲ್ಲೇ ಇದ್ದರೆ ನಿಮ್ಮ ಫೋನು 4.30 ತೋರಿಸುವಾಗ ಹಡಗಿನಲ್ಲಿ 5 ಗಂಟೆ. ಕೈಗೆ ಮುಳ್ಳಿನ ವಾಚು ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಗೇರುಬೀಜ ಕೊಡಿಸಬೇಕೆಂದಿದ್ದೇವೆ. ಯಾವುದು ಒಳ್ಳೆಯದು? ಹಡಗಿಗೆ ಒಯ್ಯಲು ಬಿಡುತ್ತಾರೆಯೇ?
— ಓದುಗರೊಬ್ಬರು, ಪುತ್ತೂರು

ಉತ್ತರ: ಪೊಟ್ಟಣದ ಮೇಲಿನ ಡಬ್ಲ್ಯೂ 180, 240, 320 ಎಂಬುದು ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಹೆಚ್ಚೆಂದರೆ ಎಷ್ಟು ಇಡೀ ಬೀಜ ಎಂಬ ಲೆಕ್ಕ. 180ರಲ್ಲಿ ಒಂದು ಬೀಜ ಸುಮಾರು ಎರಡೂವರೆ ಗ್ರಾಂ, 320ರಲ್ಲಿ ಒಂದೂವರೆ ಗ್ರಾಂಗೂ ಕಡಿಮೆ. ಸಂಖ್ಯೆ ಗಾತ್ರದ್ದು, ರುಚಿಯದಲ್ಲ; ತಿನ್ನುವುದಕ್ಕೆ 320 ಧಾರಾಳ ಸಾಕು. ಒಂದನ್ನು ಮುರಿದು ನೋಡಿ. ಟಕ್ಕೆಂದು ಮುರಿಯಬೇಕು. ಬಾಗಿದರೆ ತೇವ ಹಿಡಿದಿದೆ, ಹಡಗಿನಲ್ಲಿ ವಾರ ಕಳೆಯುವಾಗ ಮುಗ್ಗುತ್ತದೆ. ಕರಾವಳಿಯ ಗಾಳಿಯಲ್ಲಿ ತೆರೆದಿಟ್ಟದ್ದು ಬೇಡ. ಗಾಳಿ ತೆಗೆದು ಮುಚ್ಚಿದ, ತಾರೀಖು ಇರುವ ಪೊಟ್ಟಣವನ್ನೇ ಕೊಳ್ಳಿ. ಹಡಗಿನವರು ಸಾಮಾನ್ಯವಾಗಿ ಅದನ್ನು ತಡೆಯುವುದಿಲ್ಲ. ಹಣ್ಣು, ಮನೆಯ ಅಡುಗೆ, ನೀವು ಪ್ರೀತಿಯಿಂದ ಮುಡಿಸಿದ ಉಡುಪಿ ಮಲ್ಲಿಗೆ ಇವನ್ನು ಬಹಳಷ್ಟು ಹಡಗುಗಳು ಬಾಗಿಲಲ್ಲೇ ತೆಗೆಸುತ್ತವೆ.

ಕಾರ್ಖಾನೆ ನೋಡಲು ಹೋದರೆ ಸಿಪ್ಪೆಯಿರುವ ಬೀಜವನ್ನು ಕಚ್ಚಲು ಬಿಡಬೇಡಿ. ಸಿಪ್ಪೆಯ ಎಣ್ಣೆ ತುಟಿ, ಚರ್ಮ ಸುಡುತ್ತದೆ.

ಪ್ರಶ್ನೆ: ಲಕ್ಷದ್ವೀಪದ ಕ್ರೂಸಿಗೆ ಅಮ್ಮನನ್ನು ಕರೆದೊಯ್ಯುತ್ತಿದ್ದೇವೆ. 78 ವರ್ಷ, ಊರುಗೋಲು ಇದೆ. ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಇಳಿಸುತ್ತಾರಂತೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೌದು. ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿಗೆ ದೊಡ್ಡ ಹಡಗು ಹೋಗಲಾರದು, ಹೊರಗೇ ನಿಲ್ಲುತ್ತದೆ. ಕಷ್ಟವಿರುವುದು ಹಡಗಿನ ಹಲಗೆಯಿಂದ ದೋಣಿಗೆ ಇಡುವ ಒಂದು ಹೆಜ್ಜೆಯಲ್ಲಿ. ಅಲೆಗೆ ದೋಣಿ ಏರಿಳಿಯುತ್ತಿರುತ್ತದೆ. ಅದು ಮೇಲೆ ಬಂದು ಹಲಗೆಯ ಮಟ್ಟಕ್ಕೆ ನಿಂತ ಗಳಿಗೆಯಲ್ಲಿ, ಸಿಬ್ಬಂದಿ ಹೇಳಿದಾಗ ಕಾಲಿಡಬೇಕು. ಊರುಗೋಲು, ಚೀಲ ಮೊದಲೇ ದಾಟಿಸಿ, ಅಮ್ಮನ ಎರಡೂ ಕೈ ಖಾಲಿ ಇರಲಿ. ಬೆರಳು ಹಿಡಿದರೆ ಜಾರುತ್ತದೆ. ಸಿಬ್ಬಂದಿಯ ಮಣಿಕಟ್ಟಿನ ಮೇಲೆ ಹಿಡಿಯಲು ಹೇಳಿ.

ಬೆಳಗಿನ ದೋಣಿಗಳಲ್ಲೇ ಹೋಗಿ, ಮಧ್ಯಾಹ್ನ ಗಾಳಿ ಎದ್ದರೆ ಅಲೆ ಹೆಚ್ಚುತ್ತದೆ. ನೀವು ನೆನಪಿಡಬೇಕಾದ್ದು ಹಡಗು ಹೊರಡುವ ಹೊತ್ತನ್ನಲ್ಲ, ದಡದಿಂದ ಕೊನೆಯ ದೋಣಿ ಹೊರಡುವ ಹೊತ್ತನ್ನು. ಕುರ್ಚಿಯಿಂದ ಯಾರ ಆಸರೆಯೂ ಇಲ್ಲದೆ ಏಳಲು ಅಮ್ಮನಿಗೆ ಆಗದಿದ್ದರೆ ಹಡಗಿನಲ್ಲೇ ಇರಲಿ, ಜೊತೆಗೆ ಒಬ್ಬರು ಉಳಿಯಿರಿ.